ಗಾಜುಗಾಲಿನ ತಂಡ

ಬೆಳಕು ಹರಿಯುವುದರೊಳಗೆ ದೊಸಿಂದಾ ಮುಗಿಸಬೇಕಿದ್ದ ಕೆಲಸಗಳಿವು. ಒಲೆಯ ಬೂದಿ ಬಳಿದು ಉರಿ ಹಚ್ಚುವುದು. ಹಾಲು ಕಾಯಿಸುವುದು. ಪಾರ್ಶ್ವವಾಯು ಹೊಡೆದು ಮಲಗಿದ್ದ ಅತ್ತೆಯ ಒದ್ದೆ ಹಾಸಿಗೆ ಬದಲಿಸಿ, ಬೆನ್ನು ಒರೆಸಿ, ಮಗ್ಗುಲು ಹೊರಳಿಸಿ, ಚಮಚದಲ್ಲಿ ಗಂಜಿ ಕುಡಿಸುವುದು. ಕೋಳಿಗೆ ಜೋಳದ ನುಚ್ಚು, ಹಂದಿಗೆ ಆಲೂಗಡ್ಡೆ ಸಿಪ್ಪೆ. ಮಧ್ಯಾಹ್ನದ ಸೊಪ್ಪಿನ ಸಾರಿಗೆಂದು ನೆನೆಹಾಕಿದ್ದ ಬಿಳಿ ಕಾಳನ್ನು ಒಲೆಯ ಹಿಂಬದಿಯಲ್ಲಿ ಬೇಯಲು ಇಡುವುದು. ಆಮೇಲೆ ಹಿತ್ತಲಿನ ಕಲ್ಲು ತೊಟ್ಟಿಯಲ್ಲಿ ನೆನೆಯುತ್ತಿದ್ದ ಅಬೆಲೇಡೊ ಫುಟ್‌ಬಾಲ್ ಕ್ಲಬ್ಬಿನ ಅಂಗಿ, ಚಡ್ಡಿ, ಕಾಲುಚೀಲಗಳನ್ನು ತಿಕ್ಕುವುದು. ಮನೆಯಲ್ಲಿ ಬಟ್ಟೆ ಒಗೆಯುವ ಮೆಷಿನ್ ಇತ್ತು, ಆದರೆ ಆ ಮೈದಾನದ ಕೆಸರನ್ನು ನೇರ ಅದರ ಹೊಟ್ಟೆಗೆ ಹಾಕಿದರೆ ಅದು ಪ್ರಾಣ ಬಿಡುತ್ತಿತ್ತು. ಹಾಗಾಗಿ ಮೊದಲು ದೊಸಿಂದಾಳ ಕೈ, ಆಮೇಲೆ ಮೆಷಿನ್. ಕಡೆಗೆ ಗಂಡ ಅಮಾರೊನ ಬೂಟಿಗೆ ಪಾಲಿಶ್. ಇಷ್ಟೆಲ್ಲದರ ನಡುವೆ, ಕೈಗಳು ತಮ್ಮ ಪಾಡಿಗೆ ಹಿಂಡುತ್ತಿರುವಾಗ, ಬರುವ ಭಾನುವಾರದ ಪಂದ್ಯದಲ್ಲಿ ಯಾರನ್ನು ಎಲ್ಲಿ ಆಡಿಸಬೇಕು ಎಂದು ತೀರ್ಮಾನಿಸುವುದು.

ಈ ಕೊನೆಯ ಕೆಲಸಕ್ಕೊಂದು ಹೆಸರಿತ್ತು, ಪರವಾನಗಿ ಇತ್ತು, ತಿಂಗಳಿಗೊಮ್ಮೆ ಲಕೋಟೆಯಲ್ಲಿ ಬರುವ ಸಂಬಳವೂ ಇತ್ತು. ಆದ್ದರಿಂದ ಅದು ಅಮಾರೊನ ಕೆಲಸವಾಗಿತ್ತು.

ಅಮಾರೊ ಮಹಡಿಯಿಂದ ಇಳಿದು ಬರುವಾಗ ಅಡುಗೆಮನೆಯ ಮೇಜಿನ ಮೇಲೆ ಹಾಲು ಬೆರೆಸಿದ ಕಾಫಿ, ಜೋಳದ ರೊಟ್ಟಿ, ಮತ್ತು ತಂಡ, ಮೂರೂ ಸಿದ್ಧವಿರುತ್ತಿದ್ದವು. ತಂಡವೆಂದರೆ ಕೊಲ್ಲಿಯಿಂದ ಹೆಕ್ಕಿ ತಂದ ಕಪ್ಪೆಚಿಪ್ಪುಗಳು. ದೊಸಿಂದಾ ಅವುಗಳನ್ನು ಎಣ್ಣೆಬಟ್ಟೆಯ ಮೇಲೆ ಆಟಗಾರರ ಜಾಗ ಜಾಗಕ್ಕೆ ಜೋಡಿಸಿ ಇಟ್ಟಿರುತ್ತಿದ್ದಳು.

"ಈ ಸೀಳಿರೋ ಚಿಪ್ಪು ಯಾರೇ?" ರೊಟ್ಟಿಯನ್ನು ಕಾಫಿಯಲ್ಲಿ ಅದ್ದುತ್ತ ಅಮಾರೊ ಕೇಳುತ್ತಿದ್ದ.

"ಶುರ್ಷೊ. ಅವನ ಮೊಣಕಾಲು ಇನ್ನೂ ಸರಿಹೋಗಿಲ್ಲ. ನಿನಗೆ ನೆನಪಿರಲಿ ಅಂತ ಸೀಳಿರೋದನ್ನೇ ಇಟ್ಟೆ."

"ಅವನನ್ನ ಮುಂದೆ ಆಡಿಸ್ತೀನಿ ಅಂತ ಅಧ್ಯಕ್ಷ ಎಲಾದಿಯೊಗೆ ಮಾತು ಕೊಟ್ಬಿಟ್ಟಿದೀನಲ್ಲೇ."

"ಬಾರಲ್ಲಿ ಕೊಟ್ಟ ಮಾತನ್ನ ಬಾರಲ್ಲೇ ವಾಪಸ್ ತಗೋ. ಶುರ್ಷೊ ಮಧ್ಯದಲ್ಲೇ ಇರ್ತಾನೆ."

ಅಮಾರೊ ಚಿಪ್ಪುಗಳನ್ನು ಕಣ್ಣು ಕಿರಿದು ಮಾಡಿ ನೋಡಿ, ಬಾಯಿಪಾಠ ಒಪ್ಪಿಸುವ ಹುಡುಗನ ಹಾಗೆ ತುಟಿ ಅಲ್ಲಾಡಿಸಿ, ಮೀಸೆ ಒರೆಸಿಕೊಂಡು ಹೊರಡುತ್ತಿದ್ದ. ಬೀದಿಯಲ್ಲಿ ಎದುರಾದವರು "ಏನು ಕೋಚ್, ಭಾನುವಾರ ಹೇಗೆ?" ಎನ್ನುತ್ತಿದ್ದರು. ಅವನು ನಿಂತು, ಕೈ ಬೀಸಿ, ಎಲ್ಲವನ್ನೂ ವಿವರಿಸುತ್ತಿದ್ದ. ಒಳ್ಳೆಯ ಮಾತುಗಾರ. ಯೌವನದಲ್ಲಿ ನಗರದ ದೊಡ್ಡ ಕ್ಲಬ್ಬಿನ ಮೀಸಲು ಬೆಂಚಿನಲ್ಲಿ ಕೂತು ಬಂದವನು ಅವನು, ಆಡಿದ್ದು ಕಡಿಮೆ. ಮೊಣಕಾಲು ಮುರಿದುಕೊಂಡು ಊರಿಗೆ ಬಂದಾಗ ಊರು ಅವನನ್ನು ಹೆಗಲ ಮೇಲೆ ಹೊತ್ತು ತಂದು ತರಬೇತುದಾರನ ಕುರ್ಚಿಯಲ್ಲಿ ಕೂರಿಸಿತು. ಅವನು ಇವತ್ತಿಗೂ ಕುಂಟುತ್ತಾನೆ. ಬಾರಿಗೆ ಹೋಗುವಾಗ ಸ್ವಲ್ಪ ಕಡಿಮೆ.

ದೊಸಿಂದಾ ಕೂಡ ಆಡಿದವಳೇ. ಆದರೆ ಅವಳನ್ನು ಹೊತ್ತು ತರಲು ಯಾವ ಹೆಗಲೂ ಬರಲಿಲ್ಲ.

ದೇಶವನ್ನಾಳುತ್ತಿದ್ದ ಮುದಿ ಸರ್ವಾಧಿಕಾರಿ ಇನ್ನೂ ಬದುಕಿದ್ದ ಕಾಲ. ಗಂಡನ ಒಪ್ಪಿಗೆಯಿಲ್ಲದೆ ಹೆಂಡತಿ ಬ್ಯಾಂಕಿನಲ್ಲಿ ಖಾತೆ ತೆರೆಯುವಂತಿರಲಿಲ್ಲ. ಆಗ ಸಾರ್ಡೀನ್ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಯ ಹುಡುಗಿಯರು ಒಂದು ತಂಡ ಕಟ್ಟಿದರು. ದೊಸಿಂದಾ ಮಧ್ಯದಲ್ಲಿ, ಅವಳ ಗೆಳತಿ ಬಲ್ಬಿನಾ ಗೋಲಿನಲ್ಲಿ. ಊರೂರಿನ ಹಬ್ಬಗಳಲ್ಲಿ, ಕತ್ತೆ ಓಟಕ್ಕೂ ಬ್ಯಾಂಡಿಗೂ ನಡುವೆ, ಅವರನ್ನು ಆಡಿಸುತ್ತಿದ್ದರು. ನಿಜವಾದ ರೆಫರಿಗಳು ಬರುತ್ತಿರಲಿಲ್ಲ. ದನದ ವ್ಯಾಪಾರಿಯೊಬ್ಬ ಸೀಟಿ ಊದುತ್ತಿದ್ದ. "ಹೋಗ್ರೇ, ಮನೇಲಿ ಪಾತ್ರೆ ಕಾಯ್ತಿದೆ!" ಎಂದು ಗಂಡಸರು ಕೂಗುತ್ತಿದ್ದರು. ಆಟ ಮುಗಿದ ಮೇಲೆ ಅಂಗಿ ಬದಲಾಯಿಸಿಕೊಳ್ಳಿ, ನೋಡೋಣ ಎಂದೂ ಕೂಗುತ್ತಿದ್ದರು. ಆದರೆ ದೊಸಿಂದಾ ಚೆಂಡು ಮುಟ್ಟಿದಾಗ ಕೂಗು ಒಂದು ಗಳಿಗೆ ನಿಲ್ಲುತ್ತಿತ್ತು. ನಗಲು ಬಂದವರಿಗೆ ನಗು ಮರೆತುಹೋಗುತ್ತಿತ್ತು. ಆ ಮೌನವನ್ನು ಅವಳು ಇನ್ನೂ ಮರೆತಿಲ್ಲ. ಗೆದ್ದವರಿಗೆ ಬಹುಮಾನವಾಗಿ ಸಿಕ್ಕಿದ್ದು ಏನು ಗೊತ್ತೇ? ಇಸ್ತ್ರಿಪೆಟ್ಟಿಗೆ.

ಮದುವೆಯಾದಳು. ಒಬ್ಬೊಬ್ಬರೂ ಮದುವೆಯಾದರು. ತಂಡ ಕರಗಿತು. ಅದು ಮುಚ್ಚಿತೆಂದು ಯಾರೂ ಹೇಳಲಿಲ್ಲ, ಇತ್ತೆಂದೇ ಯಾರೂ ಒಪ್ಪಿರಲಿಲ್ಲವಲ್ಲ.

ತರಬೇತುದಾರರ ಪರವಾನಗಿಗೆ ಪರೀಕ್ಷೆ ಬಂದ ವರ್ಷ, ಕ್ಲಬ್ ಒಬ್ಬರ ಹೆಸರನ್ನು ಕಳಿಸಬಹುದಿತ್ತು. ಕಳಿಸಿದ್ದು ಅಮಾರೊನ ಹೆಸರು. ಚಳಿಗಾಲವೆಲ್ಲ ದೊಸಿಂದಾ ಮೀನಿನ ಹೊಟ್ಟೆ ಸೀಳುತ್ತ ಅವನಿಗೆ ಪ್ರಶ್ನೆ ಕೇಳಿದಳು. ಅವನು ತಪ್ಪು ಉತ್ತರ ಕೊಟ್ಟಾಗ ಕತ್ತಿ ನಿಲ್ಲಿಸಿ ಸರಿ ಉತ್ತರ ಹೇಳಿದಳು. ಅವನು ಪಾಸಾದ. ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಅದರ ಗಾಜು ಒರೆಸುವುದೂ ಅವಳ ಕೆಲಸಗಳ ಸಾಲಿಗೆ ಸೇರಿತು.

ಅಭ್ಯಾಸ ಮಾಡಿಸುವುದು ಹೇಗೋ ಸಾಗುತ್ತಿತ್ತು. ಹುಡುಗರನ್ನು ಸಮುದ್ರದ ಇಳಿತದ ಹೊತ್ತಿಗೆ ಕೊಲ್ಲಿಯ ಒದ್ದೆ ಮರಳಿನಲ್ಲಿ ಓಡಿಸುತ್ತಿದ್ದರು. ಅಲ್ಲಿ ದೊಸಿಂದಾ ಬೇರೆ ಹೆಂಗಸರ ಜೊತೆ ಗೋರು ಹಿಡಿದು ಚಿಪ್ಪು ಕೆದಕುತ್ತಿರುತ್ತಿದ್ದಳು. ಬೆನ್ನು ಬಗ್ಗಿಸಿಕೊಂಡೇ ಅವಳು ಹೇಳಬೇಕಾದ್ದನ್ನು ಹೇಳುತ್ತಿದ್ದಳು, ಹುಡುಗರು ಮಾಡುತ್ತಿದ್ದರು. ಕಷ್ಟ ಬರುತ್ತಿದ್ದುದು ಪಂದ್ಯದ ದಿನ. ಬಟ್ಟೆ ಬದಲಿಸುವ ಕೋಣೆಗೆ ಅವಳು ಹೋಗುವಂತಿರಲಿಲ್ಲ. ಹುಡುಗರಿಗೆ ನಾಚಿಕೆಯಾಗುತ್ತದಂತೆ! ಅವರ ಒಳಚಡ್ಡಿಯ ಕಲೆಗಳೆಲ್ಲ ಗೊತ್ತಿದ್ದ ಹೆಂಗಸು ಬಾಗಿಲ ಹೊರಗೆ ಮಳೆಯಲ್ಲಿ ನಿಲ್ಲಬೇಕಿತ್ತು. ಗೆರೆಯ ಬಳಿ ನಿಂತು ಕೂಗುವ ಹಕ್ಕು ಇದ್ದುದು ತರಬೇತುದಾರನೊಬ್ಬನಿಗೇ. ಅವಳು ಬೆಂಚಿನ ತುದಿಯಲ್ಲಿ ಕೂತು ಅಮಾರೊನ ಕಿವಿಯಲ್ಲಿ ಹೇಳಿ ನೋಡಿದಳು. ಎಡಕ್ಕೆ ಎಂದದ್ದನ್ನು ಅವನು ಬಲಕ್ಕೆ ಎಂದು ಕೂಗಿದ, ಗೋಲು ಬಿತ್ತು, ಆಮೇಲೆ "ನೀನು ಸರಿಯಾಗಿ ಹೇಳ್ಬೇಕಿತ್ತು" ಎಂದ.

ಆಗ ಹುಟ್ಟಿದ್ದು ಬಕೆಟ್ಟಿನ ಉಪಾಯ. ಬೆಂಚಿನಲ್ಲಿ ಅವಳಿಗೆ ಕೊಟ್ಟಿದ್ದ ಕೆಲಸ ನೀರಿನದು. ಆಟಗಾರ ಬಿದ್ದರೆ ಬಕೆಟ್ಟು, ಸ್ಪಂಜು ಹಿಡಿದು ಮೈದಾನದೊಳಕ್ಕೆ ಓಡುವ ಅಧಿಕಾರ ಅವಳಿಗಿತ್ತು. ಸರಿ, ಬೀಳಲಿ! ಆಟ ಬದಲಿಸಬೇಕಾದಾಗ ಅವಳು ಬಕೆಟ್ಟನ್ನು ಎತ್ತಿ ಬಲಗೈಯಿಂದ ಎಡಗೈಗೆ ಬದಲಿಸುತ್ತಿದ್ದಳು. ಅದನ್ನು ನೋಡಿದ ಕೂಡಲೇ ಹತ್ತಿರದ ಹುಡುಗ "ಅಯ್ಯಮ್ಮಾ!" ಎಂದು ಕಾಲು ಹಿಡಿದು ಬೀಳುತ್ತಿದ್ದ. ದೊಸಿಂದಾ ಓಡಿ ಹೋಗಿ, ಏನೂ ಆಗದ ಮೊಣಕಾಲಿಗೆ ತಣ್ಣೀರು ಹಿಂಡುತ್ತ, ಯಾರು ಹಿಂದೆ ಸರಿಯಬೇಕು, ಯಾರು ಯಾರ ಬೆನ್ನು ಹತ್ತಬೇಕು ಎಂದು ಪಿಸುಗುಟ್ಟುತ್ತಿದ್ದಳು. ಹುಡುಗ ಎದ್ದು, ಕುಂಟುತ್ತ ಹೋಗಿ, ಉಳಿದವರಿಗೆ ಹಂಚುತ್ತಿದ್ದ.

ಕೊಲ್ಲಿಯ ಸುತ್ತಲಿನ ಊರುಗಳಲ್ಲೆಲ್ಲ ಅಬೆಲೇಡೊ ತಂಡಕ್ಕೆ ಗಾಜುಗಾಲಿನವರು ಎಂದು ಹೆಸರು ಬಿತ್ತು. ಗಾಜುಗಾಲಿನವರು ವರ್ಷ ವರ್ಷವೂ ಗೆಲ್ಲುತ್ತ ಬಂದರು. ಅಮಾರೊನ ಚಾಣಾಕ್ಷತನದ ಬಗ್ಗೆ ಜಿಲ್ಲಾ ಪತ್ರಿಕೆಯಲ್ಲಿ ಬಂತು. ಊರಿಗೆ ಎಲ್ಲವೂ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇರುವುದು ಊರಿಗೆ ಹೊಸದೇನೂ ಆಗಿರಲಿಲ್ಲ. ಮನೆಗಳೆಲ್ಲ ನಡೆಯುತ್ತಿದ್ದುದೇ ಹಾಗೆ.

ಒಂದೇ ಒಂದು ಸಲ, ಕೆಲವು ವರ್ಷಗಳ ಹಿಂದೆ, ಅವಳು ತಡೆಯಲಾರದೆ ಗೆರೆಯ ಬಳಿ ಓಡಿ ಕೂಗಿಬಿಟ್ಟಿದ್ದಳು. ರೆಫರಿ ಆಟ ನಿಲ್ಲಿಸಿ ಬಂದ. ಬೆಂಚಿನಿಂದ ಯಾರನ್ನಾದರೂ ಹೊರಗೆ ಹಾಕುವಾಗ ಹೆಸರು ಮತ್ತು ಹುದ್ದೆ ಕೇಳಿ ಬರೆದುಕೊಳ್ಳುವುದು ರೂಢಿ. ಪಂದ್ಯದ ವರದಿ ಫುಟ್‌ಬಾಲ್ ಮಂಡಳಿಗೆ ಹೋಗುತ್ತದೆ. "ಏನಮ್ಮಾ, ಯಾರು ನೀವು?" ಎಂದು ಅವನು ಕೇಳಿದಾಗ ದೊಸಿಂದಾ ತಲೆ ತಗ್ಗಿಸಿದಳು. "ನೀರಿನವಳು ಸ್ವಾಮಿ, ಬಾಯಿತಪ್ಪಿ ಕೂಗಿಬಿಟ್ಟೆ" ಎಂದಳು. ಅವನು ನಕ್ಕು ಪೆನ್ಸಿಲನ್ನು ಜೇಬಿಗೆ ಹಾಕಿದ. ಹೆಂಗಸರು ಕೂಗುವುದನ್ನು ಯಾರು ತಾನೇ ಬರೆದುಕೊಳ್ಳುತ್ತಾರೆ? ಅವನು ಹೊರಗೆ ಹಾಕಿದ್ದರೆ ಅವಳಿಗೆ ಅಷ್ಟು ಉರಿಯುತ್ತಿರಲಿಲ್ಲ.

ಈ ವರ್ಷದ ವಸಂತದಲ್ಲಿ ತಂಡ ಮೇಲಿನ ದರ್ಜೆಗೆ ಏರುವ ಹೊಸ್ತಿಲಲ್ಲಿತ್ತು. ಕೊನೆಯ ಪಂದ್ಯ ವಿಲಾಸೇಕಾ ಊರಿನವರ ಮೇಲೆ, ಸೋಲದಿದ್ದರೆ ಸಾಕು. ಸುದ್ದಿ ತಂದವಳು ಬಲ್ಬಿನಾ. ಇಬ್ಬರೂ ಮೊಣಕಾಲುದ್ದ ನೀರಿನಲ್ಲಿ ನಿಂತು ಚಿಪ್ಪು ಕೆದಕುತ್ತಿದ್ದರು.

"ನಿನ್ನ ಗಂಡ ಹೊರಟನಂತಲ್ಲೇ, ನಗರಕ್ಕೆ. ದೊಡ್ಡ ಕ್ಲಬ್ಬು ಕರೆದಿದೆಯಂತೆ. ನಿನ್ನೆ ಬಾರಲ್ಲಿ ಎಲ್ಲರಿಗೂ ವೈನ್ ಕೊಡಿಸಿದ್ನಂತೆ."

ದೊಸಿಂದಾಳ ಗೋರು ನಿಂತಿತು. "ನನಗೆ ಹೇಳಿಲ್ಲ."

"ನಿನಗ್ಯಾಕೆ ಹೇಳ್ತಾನೆ? ಪೆಟ್ಟಿಗೆ ಕಟ್ಟೋ ದಿನ ಹೇಳ್ತಾನೆ, ಅಂಗಿ ಮಡಚೋಕೆ." ಬಲ್ಬಿನಾ ಸೊಂಟ ನೆಟ್ಟಗೆ ಮಾಡಿ ಅವಳನ್ನು ನೋಡಿದಳು. "ಹಾಗಿದ್ರೆ ಇಲ್ಲಿ ಕುರ್ಚಿ ಖಾಲಿ ಆಯ್ತಲ್ಲೇ. ಕೇಳು. ಈಗಲ್ಲದೆ ಇನ್ಯಾವಾಗ ಕೇಳ್ತೀಯ, ಸತ್ತ ಮೇಲಾ?"

"ಪರವಾನಗಿ ಇಲ್ಲ."

"ಬೇಸಿಗೇಲಿ ಪರೀಕ್ಷೆ ಇದೆ. ಕ್ಲಬ್ಬು ನಿನ್ನ ಹೆಸರು ಬರೆದು ಕಳಿಸಿದ್ರೆ ಆಯ್ತು. ನಿನ್ನ ಗಂಡನಂಥವನನ್ನೇ ಪಾಸು ಮಾಡಿಸಿದೋಳು ನೀನು!"

ಇಷ್ಟೇ ದೊಸಿಂದಾಗೆ ಬೇಕಾಗಿದ್ದುದು. ತನ್ನ ಹೆಸರಿನಲ್ಲಿ ಆ ಗೆರೆಯ ಬಳಿ ನಿಲ್ಲುವುದು. ಬಾಯಿಬಿಟ್ಟು, ಎಲ್ಲರಿಗೂ ಕೇಳುವ ಹಾಗೆ, ತನ್ನ ಹುಡುಗರಿಗೆ ಹೇಳುವುದು.

ಕ್ಲಬ್ಬಿನ ಸಭೆ ನಡೆಯುತ್ತಿದ್ದುದು ಬಾರಿನ ಮಹಡಿಯಲ್ಲಿ. ಇಸ್ತ್ರಿ ಮಾಡಿದ ಅಂಗಿಗಳ ಗಂಟನ್ನು ಕೊಡುವ ನೆಪದಲ್ಲಿ ಅವಳು ಮೆಟ್ಟಿಲು ಹತ್ತಿದಳು. ಅಧ್ಯಕ್ಷ ಎಲಾದಿಯೊ, ಡಬ್ಬಿ ಕಾರ್ಖಾನೆಯ ಮೇಸ್ತ್ರಿ, ಮೇಜಿನ ತಲೆಯಲ್ಲಿ ಕೂತಿದ್ದ. ಸುತ್ತ ಸಮಿತಿಯವರು. ಅಮಾರೊ ಕಿಟಕಿಯ ಪಕ್ಕ.

"ಬಾ ಬಾ, ಸರಿಯಾದ ಹೊತ್ತಿಗೆ ಬಂದೆ," ಎಂದ ಎಲಾದಿಯೊ. "ಭಾನುವಾರ ಪಂದ್ಯಕ್ಕೆ ಮುಂಚೆ ನಿನ್ನ ಗಂಡನಿಗೆ ಸನ್ಮಾನ. ಬೆಳ್ಳಿ ಫಲಕ ಮಾಡಿಸಿದೀವಿ. ಪಂದ್ಯ ಆದ್ಮೇಲೆ ಊಟ. ನಿನ್ನ ಎಂಪನಾಡಾ ಇಲ್ಲದೆ ಊಟ ಅಂತ ಹೇಗೆ ಕರೆಯೋದು? ಚಿಪ್ಪಿನ ಮಾಂಸ ತುಂಬಿದ್ದು ಸ್ವಲ್ಪ, ಟ್ಯೂನಾ ಮೀನು ತುಂಬಿದ್ದು ಸ್ವಲ್ಪ, ಊರಿಗಾಗುವಷ್ಟು ಮಾಡ್ಬಿಡು. ಹೆಂಗಸರನ್ನ ಸೇರಿಸ್ಕೋ."

"ಮಾಡೋಣ," ಎಂದಳು ದೊಸಿಂದಾ, ಗಂಟನ್ನು ಮೇಜಿನ ಮೇಲಿಟ್ಟು. "ಅಮಾರೊ ಹೋದ ಮೇಲೆ ತಂಡ ಯಾರ ಕೈಗೆ?"

"ನೋಡ್ತಿದೀವಿ. ಆಚೆ ಊರಿಂದ ಒಬ್ಬನ ಜೊತೆ ಮಾತಾಡ್ತಿದೀವಿ."

"ಪರೀಕ್ಷೆಗೆ ನನ್ನ ಹೆಸರು ಕಳಿಸಿ. ನಾನು ನೋಡ್ಕೋತೀನಿ."

ಸಮಿತಿಯವರು ಅಧ್ಯಕ್ಷನ ಮುಖ ನೋಡಿದರು. ಆಮೇಲೆ ಎಲಾದಿಯೊನ ಹೊಟ್ಟೆ ಕುಲುಕತೊಡಗಿತು.

"ನೀನು ಕೋಚ್ ಆದ್ರೆ ಬಕೆಟ್ ಹಿಡಿಯೋರು ಯಾರಮ್ಮಾ?"

ಮೇಜಿನ ಸುತ್ತ ನಗು ಹರಡಿತು. ಖಜಾಂಚಿ ಕೆಮ್ಮುವವರೆಗೂ ನಕ್ಕ. "ಬಕೆಟ್ಟು ನಿನ್ನದೇ, ಸಾಯೋವರೆಗೂ ನಿನ್ನದೇ, ಅದನ್ನ ಯಾರೂ ಕಿತ್ಕೊಳ್ಳಲ್ಲ," ಎಂದು ಯಾರೋ ಸಮಾಧಾನ ಹೇಳಿದರು. ಹೊಸಬನಿಗೂ ಅವಳೇ ನೀರಿನವಳು ಎಂದು ಅಲ್ಲೇ ತೀರ್ಮಾನವಾಯಿತು, ಅವಳಿಗೇನೋ ಮರ್ಯಾದೆ ಮಾಡಿದ ಹಾಗೆ. ಅವಳು ಕಿಟಕಿಯ ಕಡೆ ನೋಡಿದಳು. ಅಮಾರೊ ಕೂಡ ನಗುತ್ತಿದ್ದ. ಜೋರಾಗಿ ಏನಲ್ಲ. ಎಲ್ಲರೂ ನಗುವಾಗ ಒಬ್ಬನೇ ಬಿಗಿದುಕೊಂಡಿದ್ದರೆ ಚೆನ್ನಾಗಿರುವುದಿಲ್ಲ ಎಂಬಷ್ಟು.

ದಾರಿಯಲ್ಲಿ ಅವನೇ ಮಾತು ತೆಗೆದ. "ಮುಖ ಯಾಕೆ ಹಾಗೆ ಮಾಡ್ಕೊಂಡಿದೀಯ? ನಾನೇನು ಬೇಡ ಅಂದ್ನಾ?"

"ಬೇಕು ಅಂದ್ಯಾ?"

"ಅವರ ಹತ್ರ ವಾದ ಮಾಡಿ ಏನು ಪ್ರಯೋಜನ? ನಗರದ ಕ್ಲಬ್ ಬೇರೆ ಮಟ್ಟದ್ದು ಕಣೇ. ಅಲ್ಲಿ ನೀರಿಗೂ ಸಂಬಳದ ಆಳಿದಾನೆ. ನಿನಗೆ ಬಕೆಟ್ ಎತ್ತೋ ಕಷ್ಟಾನೂ ಇರಲ್ಲ. ವಾರವೆಲ್ಲ ಅಮ್ಮನ್ನ ನೋಡ್ಕೊಂಡಿರು. ಭಾನುವಾರ ಬಸ್ಸು ಹತ್ತಿ ಬಾ. ಜನರ ಮಧ್ಯೆ ಕೂತು ಆಟ ನೋಡು. ಮಧ್ಯಂತರದಲ್ಲಿ ಫ್ಲಾಸ್ಕಲ್ಲಿ ಕಾಫಿ ತಂದುಕೊಡೋ ಹಾಗೆ ಬಂದು, ಏನು ಮಾಡ್ಬೇಕೋ ಹೇಳ್ಬಿಡು. ಹೆಂಡತಿ ಕಾಫಿ ತಂದ್ರೆ ಯಾರೂ ಏನೂ ಅನ್ನಲ್ಲ."

ದೊಸಿಂದಾ ರಸ್ತೆಯ ಮಧ್ಯದಲ್ಲೇ ನಿಂತುಬಿಟ್ಟಳು. ಬಕೆಟ್ಟು ಹೋಗಿ ಫ್ಲಾಸ್ಕು ಬಂದಿತ್ತು. ಇವನು ಇದನ್ನು ಬಡ್ತಿ ಎಂದು ತಿಳಿದಿದ್ದ. ಅವನ ಮುಖದಲ್ಲಿ ಮೋಸವಿರಲಿಲ್ಲ, ಉಡುಗೊರೆ ಕೊಡುವವನ ಹಿಗ್ಗಿತ್ತು. ಅದನ್ನು ನೋಡಿ ಅವಳಿಗೆ ಮೈಯೆಲ್ಲ ಬೆಂಕಿಯಾಯಿತು. ಮೋಸಗಾರನಾಗಿದ್ದರೆ ಜಗಳವಾದರೂ ಆಡಬಹುದಿತ್ತು.

"ಅಮಾರೊ, ಶುರ್ಷೊನ ಯಾವ ಮೊಣಕಾಲು ನೋಯ್ತಿದೆ?"

"ಯಾಕೆ ಈಗ?"

"ಹೇಳು."

ಅವನು ತಲೆ ಕೆರೆದುಕೊಂಡ. "ಎಡಗಡೇದು?"

ಬಲಗಡೆಯದು. ಅವಳು ಅವನನ್ನು ಬಿಟ್ಟು ಮುಂದೆ ನಡೆದಳು. ಮನೆಗೆ ಬಂದು ಅತ್ತೆಯ ಮಗ್ಗುಲು ಹೊರಳಿಸಿದಳು.

ಶನಿವಾರ ಕಾರ್ಖಾನೆಯ ಹೆಂಗಸರೂ ಚಿಪ್ಪು ಕೆದಕುವ ಹೆಂಗಸರೂ ಊರವರೆಲ್ಲ ಬಳಸುವ ದೊಡ್ಡ ಒಲೆಯ ಮುಂದೆ ಸೇರಿ ಹಿಟ್ಟು ನಾದಿದರು. ಈರುಳ್ಳಿ ಹೆಚ್ಚಿ ಹೆಚ್ಚಿ ಕಣ್ಣು ಕೆಂಪಾಯಿತು. ಬಲ್ಬಿನಾ ಒಂದು ಎಂಪನಾಡಾದ ಮೇಲೆ ಹಿಟ್ಟಿನ ಎಳೆಯಿಂದ ಬಕೆಟ್ಟಿನ ಚಿತ್ರ ಮಾಡಿದಳು. "ಇದು ಅಧ್ಯಕ್ಷರ ತಟ್ಟೆಗೆ," ಎಂದಳು. ಎಲ್ಲರೂ ನಕ್ಕರು, ದೊಸಿಂದಾ ಕೂಡ. ನಗುತ್ತಲೇ ಅವಳಿಗೆ ಅನ್ನಿಸಿತು: ತನ್ನ ಜೀವಮಾನದ ಕೆಲಸಕ್ಕಾಗಿ ಇನ್ನೊಬ್ಬನಿಗೆ ಮಾಡುವ ಸನ್ಮಾನಕ್ಕೆ ತಾನೇ ಹಿಟ್ಟು ನಾದುತ್ತಿದ್ದೇನೆ, ಇಷ್ಟಾದರೂ ಉಪ್ಪು ಹದವಾಗಿದೆಯೇ ಎಂದು ರುಚಿ ನೋಡುತ್ತಿದ್ದೇನೆ.

ಭಾನುವಾರ ಮೋಡ ಮುಸುಕಿತ್ತು. ಸಮುದ್ರದ ಕಡೆಯ ಗೋಲಿನ ಮುಂದೆ ಯಾವತ್ತಿನಂತೆ ಕೆಸರು. ಊರಿಗೆ ಊರೇ ನೆರೆದಿತ್ತು. ಬ್ಯಾಗ್‌ಪೈಪ್ ಊದಿದರು. ಎಲಾದಿಯೊ ಮೈಕು ಹಿಡಿದು, ಈ ಮೈದಾನದ ಒಂದೊಂದು ಹುಲ್ಲೂ ಅಮಾರೊನ ಬೆವರಿನಿಂದ ಬೆಳೆದದ್ದು ಎಂದ. ಹುಲ್ಲು ಬೆಳೆದದ್ದು ಬಲ್ಬಿನಾಳ ಹಸುವಿನ ಗೊಬ್ಬರದಿಂದ, ಆದರೆ ಮೈಕು ಅವಳ ಕೈಯಲ್ಲಿರಲಿಲ್ಲ. ಅಮಾರೊನಿಗೆ ಬೆಳ್ಳಿ ಫಲಕ. "ಪ್ರತಿ ದೊಡ್ಡ ಮನುಷ್ಯನ ಹಿಂದೆ..." ಎಂದು ಎಲಾದಿಯೊ ಶುರುಮಾಡಿದ; ಯಾರೋ ಒಬ್ಬರು ದೊಸಿಂದಾಳ ತೋಳಿಗೆ ಹೂಗುಚ್ಛವೊಂದನ್ನು ತುರುಕಿದರು. ಅವಳ ಇನ್ನೊಂದು ಕೈಯಲ್ಲಿ ಬಕೆಟ್ಟಿತ್ತು. ಹೂಗುಚ್ಛ ಇಡಲು ಬೇರೆ ಜಾಗ ಸಿಗದೆ ಅವಳು ಅದನ್ನು ಬಕೆಟ್ಟಿನ ನೀರಿಗೇ ಇಳಿಬಿಟ್ಟಳು. ಜನ ಅದನ್ನು ಮೆಚ್ಚಿ ಚಪ್ಪಾಳೆ ತಟ್ಟಿದರು.

ಮೊದಲರ್ಧದಲ್ಲಿ ಅಬೆಲೇಡೊ ಒಂದು ಗೋಲು ಹೊಡೆಯಿತು. ವಿರಾಮದ ನಂತರ ವಿಲಾಸೇಕಾದವರು ಸಮ ಮಾಡಿದರು. ಆಮೇಲೆ ಅವರ ತರಬೇತುದಾರ ಹೊಸ ಹುಡುಗನೊಬ್ಬನನ್ನು ಇಳಿಸಿದ. ಸಣಕಲ, ಗಾಳಿಯಂಥವನು. ಅವನು ಅಬೆಲೇಡೊದ ಬಲ ಅಂಚನ್ನು ಹರಿದ ಬಲೆಯ ಹಾಗೆ ದಾಟಿ ದಾಟಿ ಬರತೊಡಗಿದ. ದೊಸಿಂದಾ ಹೂಗುಚ್ಛ ತೆಗೆದು ಬೆಂಚಿನ ಕೆಳಗೆ ಹಾಕಿ ಬಕೆಟ್ಟನ್ನು ಕೈಯಿಂದ ಕೈಗೆ ಬದಲಿಸಿದಳು. ತಂಡದ ನಾಯಕ ಶುರ್ಷೊ ಕೂಡಲೇ ಬಿದ್ದ. ಅವಳು ಓಡಿ ಹೋದಳು.

"ದೊಸಿಂದಕ್ಕಾ, ಬೇಗ ಹೇಳಿ, ಅವನು ನಮ್ಮನ್ನ ತಿಂದಾಕ್ತಿದಾನೆ," ಎಂದ ಶುರ್ಷೊ, ನರಳುತ್ತ.

ಅವಳು ಸ್ಪಂಜು ಹಿಂಡಿ ಬಾಯಿ ತೆರೆಯುವಷ್ಟರಲ್ಲಿ ರೆಫರಿ ಪಕ್ಕದಲ್ಲೇ ಬಂದು ನಿಂತ. ನಗರದಿಂದ ಬಂದ ಚಿಕ್ಕ ವಯಸ್ಸಿನವನು, ಕೂದಲು ನೀಟಾಗಿ ಬಾಚಿದವನು. "ಗಾಜುಗಾಲಿನವರ ಕಥೆ ಕೇಳಿದೀನಿ," ಎಂದ. "ನಾನಿರೋವಾಗ ನಡೆಯಲ್ಲ. ಏಳು ಮೇಲೆ. ಇನ್ನೊಬ್ಬ ಸುಮ್ಸುಮ್ನೆ ಬಿದ್ರೆ ಕಾರ್ಡು ತೋರಿಸ್ತೀನಿ. ಅಮ್ಮಾ, ನೀವು ಆಚೆ ನಡೀರಿ."

ಅವಳು ಒಂದು ಮಾತೂ ಹೇಳದೆ ಹಿಂದಿರುಗಬೇಕಾಯಿತು. ಸಣಕಲ ಹುಡುಗ ಮತ್ತೆ ದಾಟಿದ. ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಯಿತು. ಜನ ಉಸಿರು ಹಿಡಿದರು. ಹುಡುಗರು ತಿರುಗಿ ತಿರುಗಿ ಬೆಂಚಿನ ಕಡೆ ನೋಡುತ್ತಿದ್ದರು. ಅಮಾರೊ ಗೆರೆಯ ಬಳಿ ನಿಂತು ಕೈಕೈ ಹಿಸುಕುತ್ತ, "ಗಟ್ಟಿಯಾಗಿ ಆಡ್ರೋ! ಎದೆ ತೋರಿಸ್ರೋ!" ಎಂದು ಕೂಗುತ್ತಿದ್ದ. ಎದೆ ಎಲ್ಲಿ ತೋರಿಸಬೇಕು, ಯಾರಿಗೆ ತೋರಿಸಬೇಕು ಎಂದು ಹುಡುಗರಿಗೆ ತಿಳಿಯಲಿಲ್ಲ.

ಅವನು ಬೆಂಚಿಗೆ ಓಡಿ ಬಂದು ಅವಳ ಕಿವಿಯ ಹತ್ತಿರ ಬಾಗಿದ. ಫಲಕವನ್ನು ಕಂಕುಳಲ್ಲೇ ಇಟ್ಟುಕೊಂಡಿದ್ದ. "ಏನು ಕೂಗ್ಲಿ? ಬೇಗ ಹೇಳೇ. ಈ ಸಲ ತಪ್ಪಾಗಿ ಹೇಳಲ್ಲ, ದೇವರಾಣೆ."

ಹೇಳಿದ್ದರೆ ಅವನು ಸರಿಯಾಗಿಯೇ ಕೂಗುತ್ತಿದ್ದನೇನೋ. ತಂಡ ಮೇಲಕ್ಕೇರುತ್ತಿತ್ತು. ಎಲಾದಿಯೊ ಮತ್ತೊಮ್ಮೆ ಮೈಕು ಹಿಡಿಯುತ್ತಿದ್ದ. ಸೋಮವಾರದಿಂದ ತೊಟ್ಟಿಯಲ್ಲಿ ಮತ್ತೆ ಅಂಗಿಗಳು, ಭಾನುವಾರಕ್ಕೊಂದು ಫ್ಲಾಸ್ಕು. ಹೇಳದೆ ಸುಮ್ಮನಿದ್ದರೆ ಹುಡುಗರು ಸೋಲುತ್ತಿದ್ದರು. ಆ ಹುಡುಗರು ಅವಳಿಗೇನೂ ಅನ್ಯಾಯ ಮಾಡಿರಲಿಲ್ಲ, ಅವಳು ಹೇಳಿದಾಗಲೆಲ್ಲ ಕೆಸರಿಗೆ ಬಿದ್ದವರು ಅವರು. ದೊಸಿಂದಾ ಗಂಡನನ್ನು ಪಕ್ಕಕ್ಕೆ ಸರಿಸಿದಳು, ಬಾಗಿಲಿಗೆ ಅಡ್ಡವಾದ ಕುರ್ಚಿಯನ್ನು ಸರಿಸುವ ಹಾಗೆ. ಬಕೆಟ್ಟು ಹಿಡಿದೇ ಸುಣ್ಣದ ಗೆರೆಯವರೆಗೆ ನಡೆದಳು. ಕೊಲ್ಲಿಯ ಗಾಳಿಯಲ್ಲಿ ಹೆಂಗಸರನ್ನು ಕೂಗಿ ಕರೆದು ಪಳಗಿದ ಗಂಟಲು ಅವಳದು.

"ಶುರ್ಷೊ! ಬಲಕ್ಕೆ ಹಿಂದೆ ಬಾ! ಅವನನ್ನ ಒಳಗೆ ಬಿಡ್ಬೇಡ, ಗೆರೆ ಕಡೆಗೇ ಅಟ್ಟು! ನಡುಮಧ್ಯದ ಇನ್ನೊಬ್ಬ, ನೀನು ಶುರ್ಷೊ ಜಾಗಕ್ಕೆ! ಗೋಲಿನವನೇ, ಚೆಂಡು ಕಾಲಲ್ಲಿ ಕೊಡ್ಬೇಡ, ಉದ್ದಕ್ಕೆ ಹೊಡಿ!"

ಹುಡುಗರು ಅಮಾರೊನ ಮುಖ ನೋಡಲಿಲ್ಲ. ನೀರಿನಲ್ಲಿ ಮೀನು ಹಿಂಡು ತಿರುಗಿದ ಹಾಗೆ ಇಡೀ ತಂಡ ಒಮ್ಮೆಲೇ ತಿರುಗಿತು. ಸಣಕಲ ಹುಡುಗ ಬಂದ, ಎದುರಿಗೆ ಶುರ್ಷೊ, ಪಕ್ಕಕ್ಕೆ ಗೆರೆ. ಚೆಂಡು ಹೊರಗೆ ಹೋಯಿತು. ಮತ್ತೆ ಬಂದ, ಮತ್ತೆ ಹೊರಗೆ ಹೋಯಿತು. ಮೈದಾನದ ಸುತ್ತ ಕೂಗು ನಿಂತುಹೋಗಿತ್ತು. ಆ ಮೌನ ದೊಸಿಂದಾಗೆ ಗುರುತಿನದು.

ಸೀಟಿ ಮೊಳಗಿತು. ರೆಫರಿ ಪೆನ್ಸಿಲ್ ತೆಗೆಯುತ್ತ ಅವಳ ಕಡೆಗೆ ನಡೆದು ಬಂದ.

"ಗೆರೆ ಹತ್ರ ನಿಂತು ಆಟಗಾರರಿಗೆ ಹೇಳಿಕೊಡೋದು ತರಬೇತುದಾರರು ಮಾತ್ರ. ಗೊತ್ತಿಲ್ವಾ ನಿಮಗೆ?"

"ಗೊತ್ತು."

"ಅವಳು ನನ್ನ ಹೆಂಡತಿ ಸ್ವಾಮಿ," ಅಮಾರೊ ಹಿಂದಿನಿಂದ ಓಡಿ ಬಂದ. "ನೀರು ಕೊಡೋಳು. ಇವತ್ತು ಸನ್ಮಾನ ಇತ್ತಲ್ಲ, ಸ್ವಲ್ಪ ಉದ್ವೇಗ. ಬಿಟ್ಬಿಡಿ."

ಬೇಲಿಯಾಚೆಯಿಂದ ಎಲಾದಿಯೊನ ದನಿ ಬಂತು: "ಏ ದೊಸಿಂದಾ! ನೀರಿನವಳು ಅನ್ನು, ಮುಗೀತು! ಕ್ಲಬ್ಬಿನ ಮಾನ ಕಳೀಬೇಡ!"

ರೆಫರಿ ಅವಳ ಕೈಯಲ್ಲಿದ್ದ ಬಕೆಟ್ಟನ್ನು ನೋಡಿದ. ಅವನ ಮುಖ ಸ್ವಲ್ಪ ಸಡಿಲಾಯಿತು. ಕೆಟ್ಟವನೇನಲ್ಲ, ಅವನಿಗೂ ಮನೆಯಲ್ಲಿ ತಾಯಿಯಿದ್ದಾಳು. "ನೀರಿನವರಾದ್ರೆ ಎಚ್ಚರಿಕೆ ಕೊಟ್ಟು ಬಿಡ್ತೀನಿ," ಎಂದ. "ಬೇರೆ ಏನಾದ್ರೂ ಹೇಳಿದ್ರೆ ಬರೀಬೇಕಾಗತ್ತೆ. ಪರವಾನಗಿ ಇಲ್ಲದೆ ತಂಡ ನಡೆಸಿದ್ರು ಅಂತ ಮಂಡಳಿಗೆ ಹೋಗತ್ತೆ. ನಿಮ್ಮನ್ನ ಬೆಂಚಿನ ಹತ್ರಾನೂ ಸೇರಿಸಲ್ಲ. ನಿಮ್ಮ ಯಜಮಾನರನ್ನೂ ಕರೆದು ಕೇಳ್ತಾರೆ. ಯೋಚನೆ ಮಾಡಿ ಹೇಳಿ. ಹೆಸರು?"

ಬಲ್ಬಿನಾ ಬೇಲಿಯ ಮೇಲೆ ಬಗ್ಗಿ ನಿಂತಿದ್ದಳು. ಯಾವತ್ತೂ ಬಾಯಿ ಮುಚ್ಚದವಳು ಈಗ ತುಟಿ ಕಚ್ಚಿಕೊಂಡಿದ್ದಳು. ಶುರ್ಷೊ ದೂರದಲ್ಲಿ ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದ. ಅಮಾರೊ ಅವಳ ತೋಳು ಹಿಡಿದಿದ್ದ. ಯಾರ ಮುಖದಲ್ಲೂ ಅವಳಿಗೆ ಬೇಕಾದದ್ದು ಇರಲಿಲ್ಲ.

ಅವಳು ಬಗ್ಗಿ, ಬಕೆಟ್ಟಿನ ನೀರನ್ನು ಗೆರೆಯಾಚೆಯ ಹುಲ್ಲಿಗೆ ಚೆಲ್ಲಿದಳು. ಒಳಗೆ ಅಂಟಿಕೊಂಡಿದ್ದ ಹೂವಿನ ಎಸಳೊಂದನ್ನು ಬೆರಳಿನಿಂದ ತೆಗೆದಳು. ಬಕೆಟ್ಟನ್ನು ಬೋರಲು ಹಾಕಿ ಇಟ್ಟು, ಸೊಂಟ ನೆಟ್ಟಗೆ ಮಾಡಿ ನಿಂತಳು.

"ದೊಸಿಂದಾ ಲೊರೆನ್ಸೊ ಪಾಸಿನ್," ಎಂದಳು. ತನ್ನ ಹೆಸರು, ಅಪ್ಪನ ಮನೆತನದ ಹೆಸರು, ಅಮ್ಮನ ಮನೆತನದ ಹೆಸರು. "ನಿಧಾನಕ್ಕೆ ಬರೀರಿ, ತಪ್ಪಾಗ್ಬಾರದು."

"ಹುದ್ದೆ?"

"ತರಬೇತುದಾರಳು."